ವೇಕ್‌ಫೀಲ್ಡ್‌ನಿಂದ ಟೌಟನ್‌ವರೆಗೆ: ನಡೆದೇ ತಿಳಿಯಬೇಕಾದ ರಣಭೂಮಿ

ಟೌಟನ್ ರಣಭೂಮಿಗೆ ಟಿಕೆಟ್ ಕೌಂಟರ್ ಇಲ್ಲ, ಬೇಲಿ ಇಲ್ಲ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಟ್ಯಾಡ್ಕಾಸ್ಟರ್ ಎಂಬ ಸಣ್ಣ ಪೇಟೆಯಿಂದ ದಕ್ಷಿಣಕ್ಕೆ ಸುಮಾರು ನಾಲ್ಕು ಕಿಲೋಮೀಟರ್ ಹೋದರೆ ಉತ್ತು ಬಿತ್ತಿದ ಹೊಲಗಳು, ಅವುಗಳ ಪಶ್ಚಿಮದ ಅಂಚಿಗೆ ಒಂದು ಹಳ್ಳ, ರಸ್ತೆ ಬದಿಗೆ ಒಂದು ಕಲ್ಲಿನ ಶಿಲುಬೆ. ಕಾರಿನಲ್ಲಿ ಬಂದವರು ಶಿಲುಬೆಯ ಫೋಟೊ ತೆಗೆದು ಹತ್ತೇ ನಿಮಿಷದಲ್ಲಿ ಹೊರಟುಬಿಡುತ್ತಾರೆ. 1461ರ ಮಾರ್ಚ್ 29ರಂದು, ಈಸ್ಟರ್ ಹಬ್ಬದ ಹಿಂದಿನ ಗರಿಗಳ ಭಾನುವಾರ, ಹಿಮ ಬೀಸುತ್ತಿದ್ದಾಗ ಇಲ್ಲಿ ನಡೆದ ಕಾಳಗವನ್ನು ಇಂಗ್ಲೆಂಡಿನ ನೆಲದ ಮೇಲೆ ನಡೆದ ಅತ್ಯಂತ ಘೋರ ಕಾಳಗ ಎಂದು ಹೇಳುವುದುಂಟು. ಅದು ಯಾಕೆ ಹಾಗಾಯಿತು ಎಂಬುದು ಫಲಕ ಓದಿದರೆ ಅರ್ಧ ಗೊತ್ತಾಗುತ್ತದೆ. ಉಳಿದರ್ಧವನ್ನು ಆ ನೆಲದ ಏರಿಳಿತವೇ ಹೇಳಬೇಕು. ಅದಕ್ಕೆಂದೇ ಈ ಪ್ರವಾಸವನ್ನು ಟೌಟನ್‌ನಿಂದ ಶುರುಮಾಡದೆ, ಅದಕ್ಕೂ ಮೂರು ತಿಂಗಳು ಹಿಂದಿನ ವೇಕ್‌ಫೀಲ್ಡ್‌ನಿಂದ ಹಿಡಿದು, ಸೈನ್ಯ ಸಾಗಿದ ದಾರಿಯಲ್ಲೇ ಉತ್ತರಕ್ಕೆ ಸಾಗಿದ್ದು.

ಹಿನ್ನೆಲೆ ಇಷ್ಟು. ಮೂರನೇ ಎಡ್ವರ್ಡ್ ದೊರೆಯ ವಂಶದ ಎರಡು ಕವಲುಗಳು, ಲ್ಯಾಂಕಾಸ್ಟರ್ ಮತ್ತು ಯಾರ್ಕ್, ಸಿಂಹಾಸನಕ್ಕಾಗಿ ಮೂವತ್ತು ವರ್ಷ ಬಡಿದಾಡಿದ ದಾಯಾದಿ ಕಲಹವನ್ನೇ ಗುಲಾಬಿಗಳ ಯುದ್ಧ ಎನ್ನುವುದು. ದೊರೆ ಆರನೇ ಹೆನ್ರಿ ಲ್ಯಾಂಕಾಸ್ಟರ್ ಕಡೆಯವನು. ಆಗಾಗ ಬುದ್ಧಿ ಮಂಕಾಗುತ್ತಿದ್ದವನು. 1460ರ ಅಕ್ಟೋಬರ್‌ನಲ್ಲಿ ಪಾರ್ಲಿಮೆಂಟು ಒಂದು ರಾಜಿ ಮಾಡಿತು: ಹೆನ್ರಿ ಬದುಕಿರುವವರೆಗೆ ಅವನೇ ದೊರೆ, ಆಮೇಲೆ ಪಟ್ಟ ಯಾರ್ಕ್‌ನ ಡ್ಯೂಕ್ ರಿಚರ್ಡ್‌ಗೆ. ಹೆನ್ರಿಯ ರಾಣಿ ಮಾರ್ಗರೆಟ್‌ಗೆ ತನ್ನ ಮಗನ ಹಕ್ಕು ಹೋಯಿತು. ಅವಳ ಕಡೆಯವರು ಉತ್ತರದಲ್ಲಿ ದಂಡು ಕೂಡಿಸಿದರು.

ಕಾಲದ ಬಗ್ಗೆ ಒಂದು ಮಾತು. ಇಲ್ಲಿಗೆ ಮಾರ್ಚ್ ಕೊನೆಯಲ್ಲೇ ಬರುವುದು ಒಳ್ಳೆಯದು. ಬೆಳೆ ಆಗಿನ್ನೂ ಗೇಣುದ್ದ ಇರುವುದರಿಂದ ನೆಲದ ತಗ್ಗುದಿಣ್ಣೆ ಚೆನ್ನಾಗಿ ಕಾಣುತ್ತದೆ. ಜೂನ್ ಹೊತ್ತಿಗೆ ಅದೆಲ್ಲ ಪೈರಿನಡಿ ಮುಚ್ಚಿಹೋಗುತ್ತದೆ. ಚಳಿಗಾಳಿಯನ್ನೂ ಅಂದಿನವರಷ್ಟಲ್ಲದಿದ್ದರೂ ತಕ್ಕಮಟ್ಟಿಗೆ ಉಣ್ಣಬಹುದು.

ಮೊದಲ ದಿನ: ಸ್ಯಾಂಡಲ್ ಕೋಟೆ, ವೇಕ್‌ಫೀಲ್ಡ್ ಸೇತುವೆ

ಲೀಡ್ಸ್‌ನಿಂದ ವೇಕ್‌ಫೀಲ್ಡ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಕೋಟೆಗೆ ಹತ್ತಿರದ ನಿಲ್ದಾಣ ಸ್ಯಾಂಡಲ್ ಆ್ಯಂಡ್ ಆಗ್‌ಬ್ರಿಗ್. ಅಲ್ಲಿ ನಿಲ್ಲುವ ಪ್ಯಾಸೆಂಜರ್ ರೈಲು ನೋಡಿ ಹತ್ತಬೇಕು. ಇಳಿದ ಮೇಲೆ ಮನೆಗಳ ಸಾಲಿನ ನಡುವೆ ಏರುದಾರಿ. ಮ್ಯಾನಿಗೇಟ್ಸ್ ಲೇನ್‌ನಲ್ಲಿ, ಹಳೆಯ ಶಾಲಾ ಕಟ್ಟಡದ ಮುಂದೆ, ಕಂಬಿಬೇಲಿಯೊಳಗೆ ಡ್ಯೂಕ್ ರಿಚರ್ಡ್‌ನ ಸ್ಮಾರಕವಿದೆ. 1897ರಲ್ಲಿ ನಿಲ್ಲಿಸಿದ್ದು. ಅವನು ಬಿದ್ದದ್ದು ಸುಮಾರು ಈ ಜಾಗದಲ್ಲೇ ಎಂಬ ನಂಬಿಕೆ. ಗೊತ್ತಿಲ್ಲದವರು ಅದನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ಎದುರು ಫುಟ್‌ಪಾತಿನಲ್ಲಿ ನಡೆದರೆ ಕಾಣುವುದೇ ಇಲ್ಲ.

ಕೋಟೆಗೆ ಪ್ರವೇಶ ಉಚಿತ. ಕೋಟೆ ಎಂದರೆ ಚಿತ್ರದುರ್ಗದ ಲೆಕ್ಕದಲ್ಲಿ ನಿರೀಕ್ಷಿಸಿ ಬರಬಾರದು. ಹದಿನೇಳನೇ ಶತಮಾನದ ಅಂತರ್ಯುದ್ಧದಲ್ಲಿ ಮುತ್ತಿಗೆಗೆ ಸಿಕ್ಕು, 1646ರಲ್ಲಿ ಪಾರ್ಲಿಮೆಂಟಿನ ಆಜ್ಞೆಯಂತೆ ಕೆಡವಿಸಿಕೊಂಡ ಕೋಟೆ ಇದು. ಉಳಿದಿರುವುದು ಮಣ್ಣು ಪೇರಿಸಿ ಎಬ್ಬಿಸಿದ ದೊಡ್ಡ ದಿಣ್ಣೆ, ಅದರ ಸುತ್ತ ಆಳವಾದ ಒಣ ಕಂದಕ, ದರ್ಬಾರು ಸಾಲೆಯ ಗೋಡೆಯ ಒಂದೆರಡು ತುಂಡು. ಗೋಡೆಗಳ ತಳಪಾಯ ಬಹುಪಾಲು 1964ರಿಂದ 1973ರವರೆಗೆ ನಡೆದ ಉತ್ಖನನದಲ್ಲಿ ಹೊರಬಿದ್ದದ್ದು. ದಿಣ್ಣೆಯ ಮೇಲೆ ಹತ್ತಬೇಕಾದದ್ದು ನೋಟಕ್ಕಾಗಿ. ಉತ್ತರಕ್ಕೆ ತಿರುಗಿ ನಿಂತರೆ ಇಳಿಜಾರು, ಆಮೇಲೆ ಕಾಲ್ಡರ್ ನದಿ, ಅದರಾಚೆ ಊರಿನ ಚರ್ಚಿನ ಚೂಪು ಗೋಪುರ. ಆ ಇಳಿಜಾರಿನಲ್ಲಿ ಈಗ ಪಾರ್ಕು, ಮನೆಗಳು, ಆಗ ಬಯಲು.

1460ರ ಡಿಸೆಂಬರ್ 30ರಂದು ರಿಚರ್ಡ್ ತನ್ನ ಸಣ್ಣ ದಂಡಿನೊಂದಿಗೆ ಈ ಕೋಟೆ ಬಿಟ್ಟು ಕೆಳಗಿಳಿದ. ಕೋಟೆಯೊಳಗೇ ಕುಳಿತಿದ್ದರೆ ಮಗ ಎಡ್ವರ್ಡ್ ಸಹಾಯಕ್ಕೆ ಬರುತ್ತಿದ್ದ. ಯಾಕೆ ಇಳಿದ ಎಂಬುದಕ್ಕೆ ಚರಿತ್ರಕಾರರು ಹಲವು ಕಾರಣ ಕೊಡುತ್ತಾರೆ: ದವಸ ಮುಗಿದಿತ್ತು, ಮೇವಿಗೆ ಹೋದವರ ಮೇಲೆ ಶತ್ರು ಬಿದ್ದಿದ್ದ, ಕದನವಿರಾಮವನ್ನು ನಂಬಿದ್ದ. ಮೇಲೆ ನಿಂತು ನೋಡಿದರೆ ಇವುಗಳ ಜೊತೆಗೆ ಇನ್ನೊಂದೂ ಸ್ಪಷ್ಟವಾಗುತ್ತದೆ. ಇಲ್ಲಿಂದ ಕಾಣುವುದು ಬಯಲಿನ ನಡುಭಾಗ ಮಾತ್ರ. ಎರಡೂ ಮಗ್ಗುಲಲ್ಲಿ ಕಾಡು ಇದ್ದರೆ ಅದರೊಳಗೆ ಎಷ್ಟು ಜನ ಇದ್ದಾರೆಂದು ಎಣಿಸಲು ಬಾರದು. ಇಳಿದವನನ್ನು ಮೂರು ಕಡೆಯಿಂದ ಸುತ್ತುವರಿದರು. ರಿಚರ್ಡ್ ಸತ್ತ. ಅವನ ತಲೆಗೆ ಕಾಗದದ ಕಿರೀಟ ಇಟ್ಟು ಯಾರ್ಕ್ ಪಟ್ಟಣದ ಮಿಕಲ್‌ಗೇಟ್ ಬಾಗಿಲ ಮೇಲೆ ಸಿಕ್ಕಿಸಿದರು.

ಕೋಟೆಯಿಂದ ನದಿಗೆ ಬಾರ್ನ್‌ಸ್ಲಿ ರಸ್ತೆ ಹಿಡಿದು ಇಳಿದರೆ ಅರ್ಧ ಗಂಟೆಯ ಮೇಲೆ ಸ್ವಲ್ಪ ನಡಿಗೆ. ಲಾರಿಗಳ ಗದ್ದಲದ ಹೊಸ ಸೇತುವೆಯ ಪಕ್ಕದಲ್ಲೇ ಒಂಬತ್ತು ಕಮಾನಿನ ಮಧ್ಯಕಾಲದ ಸೇತುವೆ. ಅದರ ನಡುವೆ ನೀರಿನಲ್ಲಿ ಕಾಲಿಟ್ಟು ನಿಂತ ಸೇಂಟ್ ಮೇರಿ ಪ್ರಾರ್ಥನಾಲಯ. ಸೇತುವೆಯ ಮೇಲೇ ಕಟ್ಟಿದ ಇಂಥ ಪ್ರಾರ್ಥನಾಲಯಗಳು ಇಂಗ್ಲೆಂಡಿನಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ರಿಚರ್ಡ್‌ನ ಎರಡನೇ ಮಗ, ಹದಿನೇಳು ವರ್ಷದ ರಟ್‌ಲಂಡ್‌ನ ಅರ್ಲ್ ಎಡ್ಮಂಡ್, ಓಡಿಬಂದು ಈ ಸೇತುವೆಯ ಹತ್ತಿರ ಸಿಕ್ಕಿಬಿದ್ದ. ಅವನನ್ನು ಕೊಂದವನು ಲಾರ್ಡ್ ಕ್ಲಿಫರ್ಡ್ ಎಂದು ಪ್ರತೀತಿ. ಕ್ಲಿಫರ್ಡ್‌ನ ತಂದೆ 1455ರಲ್ಲಿ ಸೇಂಟ್ ಆಲ್ಬನ್ಸ್‌ನಲ್ಲಿ ಯಾರ್ಕ್ ಕಡೆಯವರ ಕೈಯಲ್ಲಿ ಸತ್ತಿದ್ದ. ಈ ಹೆಸರು ನೆನಪಿರಲಿ, ಎರಡನೇ ದಿನ ಬೇಕಾಗುತ್ತದೆ.

ಕಟ್ಟಡ ನೋಡುವಾಗ ಕಣ್ಣು ಕೆಳಗಿಂದ ಮೇಲೆ ಹೋಗಲಿ. ತಳಭಾಗ 14ನೇ ಶತಮಾನದ್ದು. ಮೇಲಿನದೆಲ್ಲ 1840ರ ದಶಕದ ಜೀರ್ಣೋದ್ಧಾರ. ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಹಳೆಯ ಕೆತ್ತನೆಯ ಮುಂಭಾಗವನ್ನು ತೆಗೆಸಿ ಹೊಸದು ಕೂರಿಸಿದ. ಅದಕ್ಕೆ ಹೊರಗಿನಿಂದ ತರಿಸಿದ ಮೆತ್ತನೆ ಕಲ್ಲು ಕಾರ್ಖಾನೆಗಳ ಹೊಗೆಗೆ ಪುಡಿಯಾಗಿ, ನೂರು ವರ್ಷ ತುಂಬುವ ಮೊದಲೇ ಮತ್ತೆ ಬದಲಾಯಿಸಬೇಕಾಯಿತು. ತೆಗೆದ ಹಳೆಯ ಮುಂಭಾಗ ಮಾತ್ರ ಒಂದು ಬಂಗಲೆಯ ಕೊಳದಂಚಿನ ದೋಣಿಮನೆಗೆ ಅಲಂಕಾರವಾಗಿ ಹೋಯಿತು. ಊರ ಹಳೆಯ ಕಲ್ಲನ್ನು ಕಿತ್ತು ಹೊಸ ಕಲ್ಲು ಹಾಕುವ ಉತ್ಸಾಹ ಎಲ್ಲ ಕಾಲದಲ್ಲೂ ಇಂಥದೇ ನಷ್ಟ ಮಾಡಿದೆ. ಪ್ರಾರ್ಥನಾಲಯ ದಿನವೂ ತೆರೆದಿರುವುದಿಲ್ಲ. ಬಾಗಿಲಿಗೆ ಬೀಗ ಇದ್ದುದರಿಂದ ಒಳಗಿನ ಸುರುಳಿ ಮೆಟ್ಟಿಲು ನೋಡಲಾಗಲಿಲ್ಲ. ತೆರೆಯುವ ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಆ ದಿನಕ್ಕೆ ಪ್ರವಾಸ ಹೊಂದಿಸುವುದು ಲೇಸು.

ಮಾರ್ಚ್‌ನಲ್ಲಿ ವೇಕ್‌ಫೀಲ್ಡ್‌ಗೆ ಬಂದವರು ರೂಬಾರ್ಬ್ ಎಂಬ ಹುಳಿ ದಂಟು ತಿನ್ನದೆ ಹೋಗಬಾರದು. ಇಲ್ಲಿನ ಬೆಳೆಗಾರರು ಗಡ್ಡೆಯನ್ನು ಎರಡು ವರ್ಷ ಬಯಲಲ್ಲಿ ಬೆಳೆಸಿ, ಚಳಿ ತಾಗಿಸಿ, ಆಮೇಲೆ ಕಗ್ಗತ್ತಲ ಶೆಡ್ಡಿನೊಳಗೆ ಬೆಚ್ಚಗೆ ಇಡುತ್ತಾರೆ. ಬೆಳಕಿಲ್ಲದೆ ಚಿಗುರಿದ ದಂಟು ಎಳೆಯದಾಗಿ, ಗುಲಾಬಿ ಬಣ್ಣಕ್ಕೆ ಬರುತ್ತದೆ. ಕೊಯ್ಲು ಮೇಣದಬತ್ತಿಯ ಬೆಳಕಿನಲ್ಲಿ. ಪೇಟೆಯ ಹೋಟೆಲಿನಲ್ಲಿ ಅದನ್ನು ಬೇಯಿಸಿ, ಮೇಲೆ ಹಿಟ್ಟು-ಬೆಣ್ಣೆಯ ಪುಡಿ ಉದುರಿಸಿ ಸುಟ್ಟು, ಬಿಸಿ ಕಸ್ಟರ್ಡ್ ಸುರಿದು ಕೊಟ್ಟರು. ಒಳ್ಳೆ ಹುಳಿ, ಒಳ್ಳೆ ಸಿಹಿ. ಬಡಿಸಿದಾಕೆ “ಎಲೆ ಮಾತ್ರ ತಿನ್ನಬೇಡಿ, ಅದು ವಿಷ” ಎಂದು ಹೇಳಿ ಹೋದರು. ಮಾರುಕಟ್ಟೆಯಲ್ಲಿ ದಂಟು ಕೊಂಡು ಮನೆಯಲ್ಲಿ ಸೊಪ್ಪಿನ ಸಾರು ಮಾಡುವ ಯೋಚನೆ ನಮ್ಮವರಿಗೆ ಬರುವುದು ಸಹಜ. ಹಾಗಾಗಿ ಈ ಎಚ್ಚರಿಕೆ ಇಲ್ಲೂ ಇರಲಿ.

ಎರಡನೇ ದಿನ: ಪಾಂಟಿಫ್ರಾಕ್ಟ್, ಫೆರಿಬ್ರಿಜ್

ರಿಚರ್ಡ್ ಸತ್ತಮೇಲೆ ಘಟನೆಗಳು ಓಡಿದವು. ಹಿರಿಯ ಮಗ ಎಡ್ವರ್ಡ್‌ಗೆ ಆಗ ಹದಿನೆಂಟು ವರ್ಷ, ಆರಡಿ ಮೀರಿದ ಆಳು. 1461ರ ಫೆಬ್ರವರಿಯಲ್ಲಿ ಮಾರ್ಟಿಮರ್ಸ್ ಕ್ರಾಸ್‌ನಲ್ಲಿ ಗೆದ್ದ. ಮಾರ್ಚ್ 4ರಂದು ಲಂಡನ್ ಅವನನ್ನೇ ದೊರೆ ಎಂದು ಒಪ್ಪಿತು. ಒಂದೇ ದೇಶಕ್ಕೆ ಇಬ್ಬರು ದೊರೆಗಳು. ಅದೇ ತಿಂಗಳಲ್ಲಿ ಹೊರಟು, ಕೊನೆಯ ವಾರಕ್ಕೆ ಅವನ ಸೈನ್ಯ ಪಾಂಟಿಫ್ರಾಕ್ಟ್ ಮುಟ್ಟಿತು.

ಪಾಂಟಿಫ್ರಾಕ್ಟ್ ಕೋಟೆಯೂ 1649ರಲ್ಲಿ ಕೆಡವಿಸಿಕೊಂಡದ್ದೇ. ಬಂಡೆಯ ಮೇಲೆ ಎದ್ದ ಮುಖ್ಯ ಬುರುಜಿನ ಬುಡ ಈಗಲೂ ದಿಗಿಲು ಹುಟ್ಟಿಸುವಷ್ಟು ದಪ್ಪವಿದೆ. ಪದಚ್ಯುತನಾದ ಎರಡನೇ ರಿಚರ್ಡ್ ದೊರೆ 1400ರಲ್ಲಿ ಸೆರೆಯಲ್ಲಿ ಸತ್ತದ್ದು ಇಲ್ಲೇ. ವೇಕ್‌ಫೀಲ್ಡ್‌ನಲ್ಲಿ ಸೆರೆಸಿಕ್ಕ, ಯಾರ್ಕ್ ಕಡೆಯ ಸಾಲಿಸ್‌ಬರಿಯ ಅರ್ಲ್‌ನ ತಲೆ ಹಾರಿದ್ದೂ ಈ ಊರಿನಲ್ಲೇ. ಒಂದು ಗಂಟೆ ಸಾಕು. ಹೊರಡುವಾಗ ಪೇಟೆಯಲ್ಲಿ ಪಾಂಟಿಫ್ರಾಕ್ಟ್ ಕೇಕು ಕೊಳ್ಳಬೇಕು. ಹೆಸರಿಗೆ ಕೇಕು, ನೋಡಿದರೆ ನಾಣ್ಯದಷ್ಟಗಲದ ಕಪ್ಪು ಬಿಲ್ಲೆ, ಮೇಲೆ ಕೋಟೆಯ ಮುದ್ರೆ. ಒಳಗಿರುವುದು ನಮ್ಮ ಗ್ರಂಧಿಗೆ ಅಂಗಡಿಯ ಜ್ಯೇಷ್ಠಮಧು, ಅಂದರೆ ಅತಿಮಧುರದ ಬೇರಿನ ಸಾರ. ಕೆಮ್ಮಿಗೆ ಅದನ್ನು ಅಗಿದು ಬೆಳೆದವರಿಗೆ ಮೊದಲ ಬಿಲ್ಲೆಯಲ್ಲೇ ರುಚಿ ಗುರುತು ಸಿಗುತ್ತದೆ. ಶತಮಾನಗಳ ಕಾಲ ಈ ಊರ ಸುತ್ತ ಅದನ್ನು ಬೆಳೆದಿದ್ದರು.

ಫೆರಿಬ್ರಿಜ್ ಇಲ್ಲಿಂದ ಮೂರು-ನಾಲ್ಕು ಕಿಲೋಮೀಟರ್. ಸೊಗಸಾದ ಜಾಗವೇನಲ್ಲ: ಮೇಲೆ ಹೆದ್ದಾರಿಯ ಮೊರೆತ, ಪಕ್ಕದಲ್ಲಿ ಮುಚ್ಚಿದ ವಿದ್ಯುತ್ ಸ್ಥಾವರದ ಬಯಲು. ಎಷ್ಟೋ ಮೈಲಿ ದೂರದಿಂದ ಕಾಣುತ್ತಿದ್ದ ಅದರ ಎಂಟು ಶೀತಲ ಗೋಪುರಗಳನ್ನು 2019ರಿಂದ 2022ರೊಳಗೆ ಉರುಳಿಸಿದರು. ಆದರೆ ಏರ್ ನದಿ ದಾಟುವ ಜಾಗ ಯಾಕೆ ಮುಖ್ಯ ಎಂಬುದು ಇಲ್ಲಿ ಬಂದು ನಿಂತರೆ ತಿಳಿಯುತ್ತದೆ. ಲಂಡನ್‌ನಿಂದ ಉತ್ತರಕ್ಕೆ ಹೋಗುವ ಹೆದ್ದಾರಿ ಅಂದೂ ಇಲ್ಲೇ ದಾಟುತ್ತಿತ್ತು, ಇಂದೂ ಇಲ್ಲೇ ದಾಟುತ್ತದೆ. ಈಗ ಕಾಣುವ ಹಳೆಯ ಕಲ್ಲಿನ ಸೇತುವೆ 1804ರದ್ದು, ಯಾರ್ಕ್‌ನ ಜಾನ್ ಕಾರ್ ಕಟ್ಟಿದ್ದು. ವಾಹನ ಓಡಾಟ ಇಲ್ಲದಿರುವುದರಿಂದ ನಡುವೆ ನಿಂತು ನಿಧಾನವಾಗಿ ನೋಡಬಹುದು.

ಮಾರ್ಚ್ 28ರಂದು ಕ್ಲಿಫರ್ಡ್ ಇಲ್ಲಿದ್ದ ಯಾರ್ಕ್ ಕಾವಲಿನ ಮೇಲೆ ಬಿದ್ದು ಲಾರ್ಡ್ ಫಿಟ್ಸ್‌ವಾಲ್ಟರ್‌ನನ್ನು ಕೊಂದ, ಸೇತುವೆ ತಡೆದ. ಕಿರಿದಾದ ಸೇತುವೆಯನ್ನು ಎದುರಿನಿಂದ ಹಿಡಿಯುವುದು ಪ್ರಾಣ ಸುರಿದು ಕೊಳ್ಳುವ ವ್ಯಾಪಾರ. ಎಡ್ವರ್ಡ್‌ನ ಕಡೆಯ ಅನುಭವಿ ಮುದುಕ ಲಾರ್ಡ್ ಫಾಕನ್‌ಬರ್ಗ್ ಆರೇಳು ಕಿಲೋಮೀಟರ್ ಮೇಲಕ್ಕೆ, ಕ್ಯಾಸಲ್‌ಫರ್ಡ್‌ನಲ್ಲಿ, ನದಿ ದಾಟಿ ಕ್ಲಿಫರ್ಡ್‌ನ ಬೆನ್ನಿಗೆ ಬಂದ. ಕ್ಲಿಫರ್ಡ್ ಉತ್ತರಕ್ಕೆ ಓಡಿದ. ತನ್ನವರ ಮುಖ್ಯ ಪಾಳೆಯ ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ, ಸ್ಯಾಕ್ಸ್‌ಟನ್ ಹತ್ತಿರದ ಡಿಂಟಿಂಗ್‌ಡೇಲ್ ಎಂಬ ತಗ್ಗಿನಲ್ಲಿ, ಕೊರಳ ಕವಚ ಸಡಿಲಿಸಿದ ಗಳಿಗೆಗೇ ಗಂಟಲಿಗೆ ಬಾಣ ನಾಟಿತು ಎನ್ನುತ್ತಾರೆ. ಸೇತುವೆಯ ಬಳಿ ಎಡ್ಮಂಡ್ ಸತ್ತು ಮೂರು ತಿಂಗಳೂ ತುಂಬಿರಲಿಲ್ಲ.

ಫೆರಿಬ್ರಿಜ್‌ನಿಂದ ಟ್ಯಾಡ್ಕಾಸ್ಟರ್‌ಗೆ ಬಸ್ಸನ್ನು ನಂಬಿಕೊಳ್ಳುವುದು ಕಷ್ಟ. ಕಾದ ಬಸ್ಸು ಬರಲೇ ಇಲ್ಲ, ಟ್ಯಾಕ್ಸಿಯೇ ಗತಿಯಾಯಿತು. ದಾರಿ ಶೆರ್‌ಬರ್ನ್ ಊರಿನ ಮೇಲೆ, ಹೆಚ್ಚುಕಡಿಮೆ ಎಡ್ವರ್ಡ್‌ನ ಸೈನ್ಯ ಹೋದ ದಾರಿಯೇ. ಚಾಲಕ ಇದೇ ಸೀಮೆಯವರು. ಶೆರ್‌ಬರ್ನ್ ದಾಟಿದ ಮೇಲೆ ನೆಲ ನಿಧಾನಕ್ಕೆ ಮೇಲೇಳುವುದನ್ನು ಬೊಟ್ಟುಮಾಡಿ ತೋರಿಸಿ, “ಇಲ್ಲಿಂದ ಮುಂದೆ ಗಾಳಿಗೆ ಅಡ್ಡ ಏನೂ ಇಲ್ಲ, ನಾಳೆ ಟೋಪಿ ಗಟ್ಟಿ ಹಿಡಿದುಕೊಳ್ಳಿ” ಅಂದರು.

ಮೂರನೇ ದಿನ: ಸ್ಯಾಕ್ಸ್‌ಟನ್, ಲೀಡ್, ಟೌಟನ್

ಬೆಳಿಗ್ಗೆ ಟ್ಯಾಕ್ಸಿಯಲ್ಲಿ ದಕ್ಷಿಣದ ಸ್ಯಾಕ್ಸ್‌ಟನ್‌ಗೆ ಹೋಗಿ ಇಳಿದು, ದಿನವಿಡೀ ಉತ್ತರಕ್ಕೆ ನಡೆದು ಟ್ಯಾಡ್ಕಾಸ್ಟರ್ ಸೇರುವುದು ಸರಿಯಾದ ಕ್ರಮ. ಯಾರ್ಕ್ ಸೈನ್ಯ ಬಂದ ದಿಕ್ಕೂ ಅದೇ, ಸೋತವರು ಓಡಿದ ದಿಕ್ಕೂ ಅದೇ. ಒಟ್ಟು ಸುಮಾರು ಹನ್ನೆರಡು ಕಿಲೋಮೀಟರ್. ಆರ್ಡ್‌ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 290 ನಕ್ಷೆ ಜೊತೆಗಿರಲಿ. ಹೊಲಗಳೆಲ್ಲ ಖಾಸಗಿ, ನಡೆಯಲು ಹಕ್ಕಿರುವುದು ನಕ್ಷೆಯಲ್ಲಿ ಹಸಿರು ಗೀಟಿನ ಕಾಲುದಾರಿಗಳಲ್ಲಿ ಮಾತ್ರ. ಕಣಕಾಲು ಮುಚ್ಚುವ ಬೂಟು ಬೇಕು. ಇಲ್ಲಿನ ಮೇಲ್ಮಣ್ಣು ಸುಣ್ಣಕಲ್ಲಿನ ಮೇಲೆ ತೆಳ್ಳಗೆ ಕೂತದ್ದು. ಒಣಗಿದ್ದರೆ ಪುಡಿ, ನೆನೆದರೆ ಅಂಟು. ಉತ್ತ ಅಂಚಿನಲ್ಲಿ ಇಪ್ಪತ್ತು ಹೆಜ್ಜೆ ಹಾಕಿದರೆ ಒಂದೊಂದು ಕಾಲಿಗೂ ಕಿಲೋ ಮಣ್ಣು ಮೆತ್ತಿಕೊಳ್ಳುತ್ತದೆ.

ಸ್ಯಾಕ್ಸ್‌ಟನ್‌ನ ಆಲ್ ಸೇಂಟ್ಸ್ ಚರ್ಚಿನ ಅಂಗಳದಲ್ಲಿ, ಉತ್ತರದ ಬದಿಗೆ, ಪೆಟ್ಟಿಗೆಯಾಕಾರದ ಸುಣ್ಣಕಲ್ಲಿನ ಗೋರಿಯಿದೆ. ಲ್ಯಾಂಕಾಸ್ಟರ್ ಕಡೆಯ ಲಾರ್ಡ್ ಡೇಕರ್‌ನದು. ಟೌಟನ್‌ನಲ್ಲಿ ಸತ್ತ ಸಾವಿರಾರು ಜನರಲ್ಲಿ ಹೆಸರು ಹಿಡಿದು ಹುಡುಕಿದರೆ ಸಿಗುವ ಕೆಲವೇ ಗೋರಿಗಳಲ್ಲಿ ಇದೊಂದು. ಬದಿಗಳ ಕುಲಲಾಂಛನ, ಮೇಲಂಚಿನ ಲ್ಯಾಟಿನ್ ಅಕ್ಷರ ಮಳೆಗೆ ಸವೆದಿವೆ. ಬೆಳಗಿನ ಓರೆ ಬಿಸಿಲಿನಲ್ಲಿ ಸ್ವಲ್ಪ ಎದ್ದು ಕಾಣುತ್ತವೆ, ನಡುಹಗಲಿಗೆ ಮಾಯ. ಕಾದಿ ದಣಿದು, ನೀರು ಕುಡಿಯಲು ಶಿರಸ್ತ್ರಾಣ ತೆಗೆದಾಗ ಮರದ ಮೇಲೆ ಅಡಗಿದ್ದ ಹುಡುಗನೊಬ್ಬ ಬಾಣ ಬಿಟ್ಟನೆಂದು ಕತೆ. ಕುದುರೆಯನ್ನೂ ಅವನ ಜೊತೆಗೆ ಹೂತರೆಂದೂ ಹೇಳುತ್ತಾರೆ. ಅಲ್ಲೇ ಹತ್ತಿರ ಸೈನಿಕರ ನೆನಪಿಗೆ ಇತ್ತೀಚೆಗೆ ಇಟ್ಟ ಸಣ್ಣ ಕಲ್ಲೂ ಇದೆ. ಊರಿಗಾಗಿ ಬಿದ್ದ ಸಾಮಾನ್ಯ ಆಳಿಗೂ ಹೆಸರು ಕೊರೆದು ವೀರಗಲ್ಲು ನಿಲ್ಲಿಸಿದ ನಾಡಿನಿಂದ ಬಂದವರಿಗೆ ಇಲ್ಲಿನ ಈ ಹೆಸರಿಲ್ಲದಿರುವಿಕೆ ಬಹಳ ಚುಚ್ಚುತ್ತದೆ. ಚರ್ಚಿನೊಳಗೆ ಹೂವು ಜೋಡಿಸುತ್ತಿದ್ದ ಹೆಂಗಸೊಬ್ಬರು ಕೆಲಸ ಬಿಟ್ಟು ಬಂದು ಗೋರಿ ತೋರಿಸಿದರು. ಗರಿಗಳ ಭಾನುವಾರದ ಆಸುಪಾಸಿಗೆ ಬಂದರೆ ಟೌಟನ್‌ನಲ್ಲಿ ಕವಚ ತೊಟ್ಟವರು ಕೂಡಿ ಸತ್ತವರನ್ನು ಸ್ಮರಿಸುವುದನ್ನೂ ನೋಡಬಹುದು ಎಂದರು.

ಅಲ್ಲಿಂದ ಪಶ್ಚಿಮಕ್ಕೆ ಲೀಡ್. ಊರು ಯಾವಾಗಲೋ ಅಳಿದುಹೋಗಿದೆ. ಹುಲ್ಲುಗಾವಲಿನ ನಡುವೆ, ಕುರಿಗಳ ಮಧ್ಯೆ, ಒಂದೇ ಅಂಕಣದ ಪುಟ್ಟ ಸೇಂಟ್ ಮೇರಿ ಚರ್ಚು ಉಳಿದಿದೆ. ಕಾಳಗದ ದಿನವೂ ಇದು ಇಲ್ಲೇ ಇತ್ತು. ಒಳಗೆ ನೆಲಹಾಸಿನಲ್ಲಿ ಟಯಾಸ್ ಮನೆತನದ ಮಧ್ಯಕಾಲದ ಸಮಾಧಿ ಕಲ್ಲುಗಳು. 1930ರ ದಶಕದ ಆರಂಭದಲ್ಲಿ ಬೀಳುವ ಹಂತದಲ್ಲಿದ್ದ ಇದನ್ನು ರಿಪೇರಿ ಮಾಡಿಸಿದವರು ಈ ಕಡೆ ಚಾರಣಕ್ಕೆ ಬರುತ್ತಿದ್ದ ನಡಿಗೆಯವರು. ಗೇಟನ್ನು ದಾಟಿದ ಮೇಲೆ ತಪ್ಪದೆ ಹಾಕಬೇಕು, ಕುರಿ ರಸ್ತೆಗೆ ಬಂದರೆ ಅಪಾಯ. ಎದುರಿನ ಪಬ್ಬಿನಲ್ಲಿ ಊಟ ಸಿಗುತ್ತದೆ. ಯಾರ್ಕ್‌ಷೈರ್ ಪುಡ್ಡಿಂಗ್ ಎಂದರೆ ಸಿಹಿಯಲ್ಲ: ಮೊಟ್ಟೆ, ಮೈದಾ, ಹಾಲಿನ ನೀರು ಹಿಟ್ಟನ್ನು ಕಾದ ಕೊಬ್ಬಿನ ಮೇಲೆ ಹೊಯ್ದು ಓವನ್ನಿನಲ್ಲಿ ಉಬ್ಬಿಸಿದ್ದು. ಸಸ್ಯಾಹಾರಿಗಳು ಮೊಟ್ಟೆಯ ಜೊತೆ ಕೊಬ್ಬು ಯಾವುದೆಂದೂ ಕೇಳಬೇಕು; ಹಳೆಯ ಪದ್ಧತಿಯಲ್ಲಿ ಅದು ದನದ್ದು.

ಲೀಡ್‌ನಿಂದ ಟೌಟನ್ ಕಡೆಗೆ ಬಿ1217 ರಸ್ತೆ. ದಿನದ ಅತಿ ಕೆಟ್ಟ ಭಾಗ ಇದೇ. ಫುಟ್‌ಪಾತಿಲ್ಲ, ಕಾರುಗಳು ಬಾಣದ ವೇಗ. ಬಲಬದಿಗೆ, ಎದುರು ಬರುವ ವಾಹನಕ್ಕೆ ಮುಖಮಾಡಿ, ಸಾಲಾಗಿ ನಡೆಯಬೇಕು. ಹೊಳೆಯುವ ಬಣ್ಣದ ಅಂಗಿ ಇದ್ದರೆ ತೊಡಬೇಕು. ರಸ್ತೆ ದಕ್ಷಿಣದ ದಿಬ್ಬ ಹತ್ತಿ, ಒಂದು ತಗ್ಗಿಗೆ ಇಳಿದು, ಉತ್ತರದ ದಿಬ್ಬಕ್ಕೆ ಏರುತ್ತದೆ. ಈ ಎರಡು ದಿಬ್ಬ, ನಡುವಿನ ತಗ್ಗು, ಇಷ್ಟೇ ರಣಭೂಮಿ. ತಗ್ಗಿನ ಹೆಸರು ಟೌಟನ್ ಡೇಲ್. ದಕ್ಷಿಣದ ದಿಬ್ಬದಲ್ಲಿ ಎಡ್ವರ್ಡ್. ಉತ್ತರದಲ್ಲಿ ಸಾಮರ್‌ಸೆಟ್‌ನ ಡ್ಯೂಕ್ ನಡೆಸುತ್ತಿದ್ದ ಲ್ಯಾಂಕಾಸ್ಟರ್ ಸೈನ್ಯ. ಹೆನ್ರಿ, ಮಾರ್ಗರೆಟ್ ಇಬ್ಬರೂ ಯಾರ್ಕ್ ಪಟ್ಟಣದಲ್ಲೇ ಉಳಿದಿದ್ದರು. ರಸ್ತೆಯ ಪಶ್ಚಿಮ ಬದಿಯಲ್ಲಿ, ಒಂದು ಮುಳ್ಳುಮರದ ಪಕ್ಕ, ಡೇಕರ್ ಶಿಲುಬೆ. ತಲೆಭಾಗ ಹಳೆಯದು, ಕಂಬ ಮತ್ತು ಪೀಠ ಇಪ್ಪತ್ತನೇ ಶತಮಾನದ ಜೋಡಣೆ. ಇಲ್ಲಿಂದ ಹೊಲದ ಅಂಚಿನ ಕಾಲುದಾರಿ ಪಶ್ಚಿಮಕ್ಕೆ ಹೊರಡುತ್ತದೆ, ದಾರಿಯುದ್ದ ವಿವರಣೆಯ ಫಲಕಗಳಿವೆ.

ಮುಂದೆ ಹೋಗುವ ಮೊದಲು ಇಲ್ಲಿ ನಿಂತು ಗಾಳಿಯ ದಿಕ್ಕು ನೋಡಿಕೊಳ್ಳಬೇಕು. ಅಂದು ದಕ್ಷಿಣದಿಂದ ಉತ್ತರಕ್ಕೆ ಬೀಸುತ್ತಿತ್ತು. ಹಿಮ ಲ್ಯಾಂಕಾಸ್ಟರ್ ಸೈನಿಕರ ಮುಖಕ್ಕೆ ಹೊಡೆಯುತ್ತಿತ್ತು. ಫಾಕನ್‌ಬರ್ಗ್ ತನ್ನ ಬಿಲ್ಲಾಳುಗಳನ್ನು ಮುಂದೆ ನಡೆಸಿ ಒಂದು ಸುತ್ತು ಬಾಣ ಬಿಡಿಸಿ, ಕೂಡಲೇ ಹಿಂದಕ್ಕೆ ಸರಿಸಿದ. ಗಾಳಿ ಬೆನ್ನಿಗಿದ್ದುದರಿಂದ ಅವನ ಬಾಣಗಳು ಎದುರಾಳಿಯ ಸಾಲಿಗೆ ತಲುಪಿದವು. ಕಣ್ಣಿಗೆ ಹಿಮ ತುಂಬಿದ ಲ್ಯಾಂಕಾಸ್ಟರ್ ಬಿಲ್ಲಾಳುಗಳು ಅಂದಾಜಿನ ಮೇಲೆ ಎದುರುಗಾಳಿಗೆ ಬಿಟ್ಟ ಬಾಣಗಳು ನಲವತ್ತು ಗಜ ಮೊದಲೇ ನೆಲಕ್ಕೆ ಬಿದ್ದವೆಂದು ಹದಿನಾರನೇ ಶತಮಾನದ ಒಂದು ಬಖೈರು ಹೇಳುತ್ತದೆ. ಬಿಲ್ಲಾಳಿನ ಹತ್ತಿರ ಇರುತ್ತಿದ್ದುದು ಇಪ್ಪತ್ನಾಲ್ಕು ಬಾಣಗಳ ಒಂದು ಕಟ್ಟು. ನಿಮಿಷಕ್ಕೆ ಹತ್ತರಂತೆ ಬಿಟ್ಟರೂ ಎರಡೂವರೆ ನಿಮಿಷಕ್ಕೆ ಖಾಲಿ. ಅವರದು ಮುಗಿದಾಗ ಫಾಕನ್‌ಬರ್ಗ್‌ನವರು ಮತ್ತೆ ಮುಂದೆ ಬಂದು, ತಮ್ಮದರ ಜೊತೆಗೆ ನೆಲದಲ್ಲಿ ನೆಟ್ಟಿದ್ದ ಶತ್ರುವಿನ ಬಾಣಗಳನ್ನೂ ಕಿತ್ತು ಬಿಟ್ಟರು. ಮೇಲೆ ನಿಂತು ಸುಮ್ಮನೆ ಏಟು ತಿನ್ನುವುದು ಸಾಧ್ಯವಿಲ್ಲದೆ ಲ್ಯಾಂಕಾಸ್ಟರ್ ಸಾಲು ಒಳ್ಳೆಯ ಜಾಗ ಬಿಟ್ಟು ತಗ್ಗು ದಾಟಿ ಮೇಲೆ ಬಿತ್ತು. ಆ ದಿನ ಲ್ಯಾಂಕಾಸ್ಟರ್‌ನವರು ಕಳೆದುಕೊಂಡ ಮೊದಲ ಸಂಗತಿ ಜನವಲ್ಲ, ಜಾಗ.

ಈ ಹೊಲಗಳಲ್ಲಿ ಲೋಹಶೋಧಕದಿಂದ ನಡೆದ ಸಮೀಕ್ಷೆಯಲ್ಲಿ ಬಾಣದ ಮೊನೆಗಳು ನೂರಾರು ಸಿಕ್ಕಿವೆ. ಸಿಡಿದುಹೋದ ಕೈಬಂದೂಕಿನ ಕಂಚಿನ ಚೂರು, ಸೀಸದ ಗುಂಡು ಕೂಡ ಸಿಕ್ಕಿದ್ದನ್ನು 2010ರಲ್ಲಿ ಪ್ರಕಟಿಸಿದರು. ವಸ್ತು ಸಿಕ್ಕ ಜಾಗದ ಅಳತೆಯೇ ಇಲ್ಲಿ ಪುರಾವೆ. ಒಂದು ಮೊನೆಯನ್ನು ಜೇಬಿಗಿಳಿಸಿದರೂ ಆ ಪುರಾವೆ ನಾಶ. ಏನು ಕಂಡರೂ ಎತ್ತಕೂಡದು.

ಕಾಲುದಾರಿ ಪ್ರಸ್ಥಭೂಮಿಯ ಪಶ್ಚಿಮದ ಅಂಚಿಗೆ ತಲುಪಿದಾಗ ನೆಲ ಥಟ್ಟನೆ ಕಡಿದಾಗಿ ಇಳಿಯುತ್ತದೆ. ಕೆಳಗೆ ಕಾಕ್ ಬೆಕ್ ಹಳ್ಳ ಅಂಕುಡೊಂಕಾಗಿ ಹರಿಯುತ್ತದೆ. ರಸ್ತೆಯಿಂದ ಇದರ ಸುಳಿವೇ ಸಿಗುವುದಿಲ್ಲ. ಟೌಟನ್ ಡೇಲ್ ಪೂರ್ವದಲ್ಲಿ ಅಗಲವಾಗಿದ್ದು, ಪಶ್ಚಿಮಕ್ಕೆ ಬಂದಂತೆ ಆಲಿಕೆಯಂತೆ ಕಿರಿದಾಗಿ ಹಳ್ಳಕ್ಕೆ ಸುರಿಯುತ್ತದೆ. ಆ ಬಾಯಲ್ಲಿರುವ ಹುಲ್ಲುಗಾವಲನ್ನು ರಕ್ತದ ಹುಲ್ಲುಗಾವಲು ಎಂದೇ ಕರೆಯುತ್ತಾರೆ. ಎಡಗಡೆ, ದಕ್ಷಿಣಕ್ಕೆ, ಕ್ಯಾಸಲ್ ಹಿಲ್ ಕಾಡು. ಅಲ್ಲಿ ಲ್ಯಾಂಕಾಸ್ಟರ್ ಕುದುರೆದಳ ಹೊಂಚುಹಾಕಿ ಯಾರ್ಕ್ ಸೈನ್ಯದ ಎಡ ಮಗ್ಗುಲನ್ನು ಚದುರಿಸಿತೆಂದು ಹೇಳುವುದುಂಟು.

ಹೊತ್ತು ಏರಿದಂತೆ ಕಾಳಗ ತೂಗುಯ್ಯಾಲೆಯಲ್ಲಿತ್ತು. ತಡವಾಗಿ ಬಂದ ನಾರ್ಫೋಕ್‌ನ ಡ್ಯೂಕನ ದಂಡು ದಕ್ಷಿಣದ ರಸ್ತೆಯಿಂದ ಏರಿ ಲ್ಯಾಂಕಾಸ್ಟರ್ ಸಾಲಿನ ಪೂರ್ವದ ತುದಿಗೆ ಬಡಿಯಿತು. ಅದರ ಪರಿಣಾಮ ಈ ಅಂಚಿನಲ್ಲಿ ನಿಂತಾಗ ಅಂಗೈ ಗೆರೆಯಷ್ಟು ಸ್ಪಷ್ಟ. ಪೂರ್ವದಿಂದ ನೂಕಿದರೆ ಉತ್ತರದ ಸಾಲು ತಿರುಗಿಕೊಳ್ಳುತ್ತದೆ. ಬೆನ್ನಿಗೆ ಇದ್ದ ಬಯಲು ಹೋಗಿ ಈ ಕಡಿದು ಇಳಿಜಾರು ಬರುತ್ತದೆ. ಸಾಲು ಒಡೆದಾಗ ಓಡಲು ಉಳಿದದ್ದು ಕೆಳಗಿನ ಹಳ್ಳ ಮಾತ್ರ.

ಹಳ್ಳದ ದಂಡೆಗೆ ಇಳಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಇಷ್ಟು ಸಣ್ಣ ನೀರಿನಲ್ಲಿ ಅಷ್ಟು ಜನ ಸತ್ತದ್ದು ಹೇಗೆ? ಅಗಲ ಕೆಲವೇ ಮೀಟರು. ಅದಕ್ಕೆ ಉತ್ತರವನ್ನು ದಂಡೆಯೇ ಹೇಳುತ್ತದೆ. ಅಂಚುಗಳು ನೇರ ಕಡಿದು, ಜಾರುವ ಜೇಡಿ. ಇಳಿಯುವುದು ಸುಲಭ, ಆಚೆ ಹತ್ತಲು ಹಿಡಿತವಿಲ್ಲ. ಹಿಮ ಕರಗುವ ಕಾಲಕ್ಕೆ ನೀರು ಏರುತ್ತದೆ. ಸಾಮಾನ್ಯ ಸೈನಿಕ ತೊಟ್ಟಿದ್ದದ್ದು ಪದರ ಪದರ ಬಟ್ಟೆ ಹೊಲಿದ ದಪ್ಪ ಅಂಗಿ. ನೆನೆದರೆ ಅದರ ಭಾರವೇ ಮುಳುಗಿಸುತ್ತದೆ. ಮೇಲಾಗಿ ಹಿಂದಿನಿಂದ ಸಾವಿರಾರು ಜನರ ನೂಕು. ಮುಂದಿನವರ ಹೆಣದ ಮೇಲೆ ಹಿಂದಿನವರು ದಾಟಿದರೆಂದು ಹೇಳುವ ಮಾತಿನಲ್ಲಿ ಅತಿಶಯ ಇರಲಾರದು. ನಾಯಿ ಕರೆದುಕೊಂಡು ಬಂದಿದ್ದ ಮುದುಕರೊಬ್ಬರು, ದಂಡೆಯ ಹಾದಿ ಮುಂದೆ ನೀರಿನಡಿ ಹೋಗಿದೆ ಎಂದು ಎಚ್ಚರಿಸಿದರು. ಹಿಂದಿನ ವಾರದ ಮಳೆ ಸಾಕಾಗಿತ್ತು. ಅವರು ಹೇಳಿದಂತೆ ಮತ್ತೆ ಮೇಲಂಚಿಗೆ ಹತ್ತಿ, ಉತ್ತರಕ್ಕೆ ನಡೆದು ಹಳೆಯ ಲಂಡನ್ ರಸ್ತೆ ಸೇರಬೇಕಾಯಿತು. ಮೇಲಿನ ದಾರಿಯೇ ವಾಸಿ: ಎಡಕ್ಕೆ ಕಣಿವೆ, ಬಲಕ್ಕೆ ಬಯಲು, ಎರಡೂ ಒಟ್ಟಿಗೆ ಕಾಣುತ್ತವೆ.

ಟೌಟನ್ ಊರಿನ ಟೌಟನ್ ಹಾಲ್ ಖಾಸಗಿ ಮನೆ, ಹೊರಗಿನಿಂದಷ್ಟೇ ನೋಡಬಹುದು. 1996ರಲ್ಲಿ ಅಲ್ಲಿ ಕಟ್ಟಡ ಕೆಲಸಕ್ಕೆ ಅಗೆದಾಗ ಒಂದರ ಮೇಲೊಂದು ಒತ್ತಿ ತುಂಬಿದ ಅಸ್ಥಿಪಂಜರಗಳ ಗುಂಡಿ ಸಿಕ್ಕಿತು. ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದವರು ಮೂವತ್ತೇಳೆಂಟು ಜನರನ್ನು ಬಿಡಿಸಿ ತೆಗೆದು ಅಭ್ಯಸಿಸಿದರು. ಹದಿನಾರರಿಂದ ಐವತ್ತರವರೆಗಿನ ಗಂಡಸರು. ಗಾಯಗಳು ಬಹುತೇಕ ತಲೆಗೆ, ಒಬ್ಬೊಬ್ಬರಿಗೆ ಹಲವು. ಶಿರಸ್ತ್ರಾಣ ಇಲ್ಲದವರಿಗೆ, ಓಡುವಾಗ ಬಿಸಾಡಿದವರಿಗೆ ಅಥವಾ ಸೆರೆಸಿಕ್ಕವರಿಗೆ ಮಾತ್ರ ಹೀಗಾಗುತ್ತದೆ. ಒಬ್ಬನ ದವಡೆಯಲ್ಲಿ ಹಳೆಯ ಯುದ್ಧವೊಂದರ ಗಾಯ ಚೆನ್ನಾಗಿ ಮಾಗಿತ್ತು: ಯಾರೋ ಒಳ್ಳೆಯ ವೈದ್ಯ ಅವನನ್ನು ಉಳಿಸಿದ್ದ, ನಲವತ್ತೈದು ದಾಟಿದ ಮೇಲೂ ಅವನು ಮತ್ತೆ ಕಾಳಗಕ್ಕೆ ಬಂದಿದ್ದ. ಸತ್ತವರು 28,000 ಎಂದು ಕಾಳಗದ ಬಳಿಕದ ಪತ್ರಗಳಲ್ಲೇ ಬರೆದಿದ್ದಾರೆ; ಇಂದಿನ ಹಲವು ಚರಿತ್ರಕಾರರು ಅಷ್ಟು ಒಪ್ಪುವುದಿಲ್ಲ. ಆ ದೊಡ್ಡ ಸಂಖ್ಯೆಗಿಂತ ಈ ಒಂದು ದವಡೆ ಹೆಚ್ಚು ಹೇಳುತ್ತದೆ.

ನಾಲ್ಕನೇ ದಿನ: ಟ್ಯಾಡ್ಕಾಸ್ಟರ್, ಯಾರ್ಕ್

ಟ್ಯಾಡ್ಕಾಸ್ಟರ್‌ನಲ್ಲಿ ಬೆಳಿಗ್ಗೆ ಏಳುವ ಹೊತ್ತಿಗೇ ಗಾಳಿಯಲ್ಲಿ ಮಾಲ್ಟಿನ ವಾಸನೆ. ಸುಣ್ಣಕಲ್ಲಿನೊಳಗಿಂದ ಬರುವ ಗಡಸು ನೀರು ಬಿಯರಿಗೆ ಹೇಳಿಮಾಡಿಸಿದ್ದು. ಹಾಗಾಗಿ ಇಷ್ಟು ಸಣ್ಣ ಊರಿನಲ್ಲಿ ದೊಡ್ಡ ದೊಡ್ಡ ಭಟ್ಟಿಗಳು. ವಾರ್ಫ್ ನದಿಯ ಸೇತುವೆಯ ಒಂದು ಭಾಗ 2015ರ ಡಿಸೆಂಬರ್ ಪ್ರವಾಹದಲ್ಲಿ ಕುಸಿದು, 2017ರಲ್ಲಿ ಮತ್ತೆ ತೆರೆಯಿತು. 1461ರಲ್ಲಿ ಓಡಿಬಂದವರ ಪೈಕಿ ಎಷ್ಟೋ ಜನ ಈ ನದಿಯಲ್ಲೂ ಸತ್ತರು.

ಯಾರ್ಕ್‌ಗೆ ಕೋಸ್ಟ್‌ಲೈನರ್ ಬಸ್ಸು. ಮಿಕಲ್‌ಗೇಟ್ ಬಾಗಿಲಲ್ಲೇ ಶುರುಮಾಡಬೇಕು. ನಾಲ್ಕು ಮಹಡಿ ಎತ್ತರದ ಕಲ್ಲಿನ ಬಾಗಿಲು. ಕೆಳಗಿನ ಕಮಾನು 12ನೇ ಶತಮಾನದ್ದು, ಮೇಲಿನದು 14ನೆಯದು. ಕಾಳಗದ ಮರುದಿನ ಎಡ್ವರ್ಡ್ ಇದರೊಳಗಿಂದ ಪಟ್ಟಣ ಹೊಕ್ಕ. ಮೇಲೆ ಅವನ ಅಪ್ಪನ ತಲೆ, ತಮ್ಮನ ತಲೆ. ಇಳಿಸಿ ಸಂಸ್ಕಾರಕ್ಕೆ ಕಳಿಸಿ, ಸೆರೆಸಿಕ್ಕ ಡೆವನ್‌ನ ಅರ್ಲ್‌ನ ತಲೆ ಕಡಿಸಿ ಅದೇ ಜಾಗಕ್ಕೆ ಏರಿಸಿದ. ಹೆನ್ರಿ, ಮಾರ್ಗರೆಟ್ ಅಷ್ಟರಲ್ಲಿ ಸ್ಕಾಟ್ಲೆಂಡ್ ದಾರಿ ಹಿಡಿದಿದ್ದರು. ಬಾಗಿಲ ಪಕ್ಕದ ಮೆಟ್ಟಿಲು ಹತ್ತಿದರೆ ಪಟ್ಟಣದ ಕೋಟೆಗೋಡೆಯ ಮೇಲೆ ನಡೆಯಬಹುದು, ಶುಲ್ಕವಿಲ್ಲ. ಒಳಬದಿಗೆ ಬಹಳ ಕಡೆ ಕಂಬಿಯಿಲ್ಲ. ಮಕ್ಕಳ ಕೈ ಬಿಡಬಾರದು. ಕತ್ತಲಾಗುವ ಮೊದಲೇ ಗೇಟು ಹಾಕುತ್ತಾರೆ, ಹಿಮಗಟ್ಟಿದ ದಿನ ತೆರೆಯುವುದೂ ಇಲ್ಲ.

ಗೋಡೆ ಇಳಿದು ಪಟ್ಟಣದ ಆಚೆ ಬದಿಯ ವಾಮ್‌ಗೇಟ್ ಬೀದಿಗೆ ಹೋದರೆ ಸೇಂಟ್ ಡೆನಿಸ್ ಚರ್ಚು. ಪ್ರವಾಸಿಗಳು ಇತ್ತ ಬರುವುದು ಕಡಿಮೆ. ಟೌಟನ್‌ನಲ್ಲಿ ಸತ್ತ ನಾರ್ಥಂಬರ್‌ಲಂಡ್‌ನ ಮೂರನೇ ಅರ್ಲ್ ಹೆನ್ರಿ ಪರ್ಸಿಯನ್ನು ಇಲ್ಲಿ ಹೂತರೆಂದು ನಂಬಿಕೆ. ಅವನ ಅಜ್ಜ ಹಾಟ್‌ಸ್ಪರ್ ಸತ್ತದ್ದು 1403ರಲ್ಲಿ ಶ್ರೂಸ್‌ಬರಿ ಕಾಳಗದಲ್ಲಿ. ಅಪ್ಪ ಸತ್ತದ್ದು 1455ರಲ್ಲಿ ಸೇಂಟ್ ಆಲ್ಬನ್ಸ್‌ನಲ್ಲಿ. ಮೂರು ತಲೆಮಾರು, ಮೂರೂ ತನ್ನ ದೇಶದವರ ಕೈಯಲ್ಲೇ. ಮಗ ನಾಲ್ಕನೇ ಅರ್ಲ್ ಯುದ್ಧಗಳನ್ನೆಲ್ಲ ದಾಟಿ ಬದುಕಿ, 1489ರಲ್ಲಿ ತೆರಿಗೆ ವಸೂಲಿಗೆ ಹೋದಾಗ ರೊಚ್ಚಿಗೆದ್ದ ಯಾರ್ಕ್‌ಷೈರ್ ಜನರಿಂದ ಸತ್ತ. ಅವನ ಗೋರಿ ಬೆವರ್ಲಿಯ ದೊಡ್ಡ ಚರ್ಚಿನಲ್ಲಿದೆ. ಇನ್ನೊಂದು ದಿನ ಕೈಯಲ್ಲಿದ್ದವರು ಯಾರ್ಕ್‌ನಿಂದ ಬೆಳಗಿನ ಬಸ್ಸು ಹಿಡಿದು ಅಲ್ಲಿಗೂ ಹೋಗಿ ಬರಬಹುದು.